ಏಳು ಗಂಟೆಯ ರಿಪೇರಿ

ಪಿಟೀಲು ನನ್ನ ಅಕ್ಕನ ಮಗಳು. ಅವಳಿಗೆ ಬೇರೆ ಹೆಸರಿದೆ, ಶಾಲೆಯ ರಿಜಿಸ್ಟರಿನಲ್ಲಿ. ಮೂರು ವರ್ಷದವಳು ನನ್ನ ಮನೆಗೆ ಬಂದಾಗ ಮೊದಲ ಒಂದು ತಿಂಗಳು ಒಂದೇ ಶ್ರುತಿಯಲ್ಲಿ ಅಳುತ್ತಿದ್ದಳು, ಹಾಗಾಗಿ ಪಿಟೀಲು. ಅಕ್ಕ, ಭಾವ ಇಬ್ಬರೂ ಪ್ರಯಾಣಿಕರ ಹಡಗಿನಲ್ಲಿ ಕೆಲಸಕ್ಕಿದ್ದರು. ಅಕ್ಕ ಬಟ್ಟೆ ಒಗೆಯುವ ವಿಭಾಗ ನೋಡಿಕೊಳ್ಳುತ್ತಿದ್ದಳು, ಭಾವ ಎಂಜಿನ್ ಕೋಣೆಯಲ್ಲಿದ್ದರು. ಹಡಗಿನ ಕೆಲಸಗಾರರು ಮಕ್ಕಳನ್ನು ಜೊತೆಗಿಟ್ಟುಕೊಳ್ಳುವಂತಿಲ್ಲ. "ಎರಡು ವರ್ಷ ನೋಡ್ಕೊಂಡಿರು" ಎಂದು ಬಿಟ್ಟು ಹೋದರು. ಎರಡು ಹೋಗಿ ಏಳಾಯಿತು. ಹೋದ ವರ್ಷ ಇಬ್ಬರಿಗೂ ಬಂದರಿನ ಕಚೇರಿಯಲ್ಲೇ ಕೆಲಸ ಸಿಕ್ಕಿತು. ಅಲ್ಲೇ ಮನೆ ಮಾಡಿದರು, ಮಗಳನ್ನು ಕರೆದುಕೊಂಡು ಹೋದರು. ಅವರ ಮಗಳು, ಅವರು ಕರೆದುಕೊಂಡು ಹೋದರು. ಇದರಲ್ಲಿ ತಪ್ಪು ಹುಡುಕುವವರಿಗೆ ತಲೆ ಸರಿಯಿಲ್ಲ. ನಾನು ಹುಡುಕಿದೆ, ಸಿಗಲಿಲ್ಲ.

ಎದುರು ಮನೆಯಾಕೆ ಸಮಾಧಾನ ಹೇಳಲು ಬಂದರು. "ನಿಮ್ಮ ಸ್ವಂತ ಮಗಳ ಥರ ನೋಡ್ಕೊಂಡ್ರಿ" ಎಂದರು. ಆ "ಥರ" ನನಗೆ ಮೈಯೆಲ್ಲ ಉರಿಸಿತು. ಕಾಫಿ ಕೊಡದೆ ಕಳಿಸಿದೆ.

ನಾನು ಕಟ್ಟಡಗಳ ನಕ್ಷೆ ತಯಾರಿಸುವ ಕಚೇರಿಯೊಂದರಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವಳು. ಕಚೇರಿಯವರು ನನ್ನನ್ನು ಎದುರಿಗೆ ಮೇಡಂ ಎನ್ನುತ್ತಾರೆ, ಬೆನ್ನ ಹಿಂದೆ ಸ್ಕ್ರೂಡ್ರೈವರಮ್ಮ. ಎರಡಕ್ಕೂ ನಾನು ಓಗೊಡುತ್ತೇನೆ.

ಪಿಟೀಲು ಹೋದ ಮೇಲೆ ಭಾನುವಾರಕ್ಕೊಮ್ಮೆ ಫೋನು ಬರುತ್ತಿತ್ತು. ಪಕ್ಕದಲ್ಲಿ ಅಕ್ಕ ಕೂತಿರುತ್ತಿದ್ದಳು. ಊಟ ಆಯ್ತಾ, ಆಯ್ತು. ಶಾಲೆ ಹೇಗಿದೆ, ಚೆನ್ನಾಗಿದೆ. ಅಮ್ಮಂಗೆ ಕೊಡ್ತೀನಿ. ಏಳು ವರ್ಷ ನನ್ನ ಕಿವಿ ತೂತು ಬೀಳುವಂತೆ ಮಾತಾಡಿದ ಹುಡುಗಿ, ಸರ್ಕಾರಿ ಅರ್ಜಿ ತುಂಬಿಸುವವಳಂತೆ ಉತ್ತರ ಕೊಡುತ್ತಿದ್ದಳು. ಫೋನಿಟ್ಟ ಮೇಲೆ ಅವಳ ಕೋಣೆಗೆ ಹೋಗಿ ಗುಡಿಸುತ್ತಿದ್ದೆ, ಅಲ್ಲಿ ಕಸವೇ ಇಲ್ಲದಿದ್ದರೂ.

ಹೀಗಿರುವಾಗ ಒಂದು ಭಾನುವಾರ ಅವಳಾಗಿಯೇ ಮಾತು ತೆಗೆದಳು. ಕ್ಲಾಸಿನ ಹುಡುಗಿಯರೆಲ್ಲ ಸಂಜೆ ಒಂದು ಆಟದೊಳಗೆ ಸೇರುತ್ತಾರಂತೆ. ಎಲ್ಲರೂ ಕೂಡಿ ಒಂದು ಊರು ಕಟ್ಟುತ್ತಾರಂತೆ. ಮರುದಿನ ಶಾಲೆಯಲ್ಲಿ ಅದೇ ಮಾತಂತೆ. "ನಂಗೆ ಏನೂ ಅರ್ಥ ಆಗಲ್ಲ ಚಿಕ್ಕಿ. ಸುಮ್ನೆ ನಗ್ತೀನಿ." ಕಂಪ್ಯೂಟರ್ ಕೊಡಿಸೆಂದು ಭಾವನನ್ನು ಕೇಳಿದ್ದಕ್ಕೆ, ಮೊದಲು ಮಾರ್ಕ್ಸು ಆಮೇಲೆ ಆಟ ಎಂದಿದ್ದರಂತೆ.

"ನಾನು ಮಾಡಿ ಕಳಿಸ್ತೀನಿ ಬಿಡು" ಎಂದೆ. ಅಕ್ಕ ಬೇಡವೆನ್ನುವುದರೊಳಗೆ ಫೋನಿಟ್ಟೆ.

ನಕ್ಷೆಯ ಕಚೇರಿಯಲ್ಲಿ ಒಂದು ಅನುಕೂಲವಿದೆ. ಅಲ್ಲಿ ಎಸೆಯುವ ಯಂತ್ರಗಳಲ್ಲಿ ಇಂಥ ಆಟಗಳಿಗೆ ಬೇಕಾದ ಒಳ್ಳೆಯ ಗ್ರಾಫಿಕ್ಸ್ ಕಾರ್ಡುಗಳು ಸಿಗುತ್ತವೆ. ಮೆಟ್ಟಿಲ ಕೆಳಗಿನ ಗುಜರಿ ಕೋಣೆಯ ಬೀಗ ತೆಗೆಸಿ, ಸಾಹೇಬರನ್ನು ಕೇಳಿದೆ. "ತಗೊಂಡ್ಹೋಗಿ ಮೇಡಂ, ಜಾಗ ಆದ್ರೂ ಖಾಲಿ ಆಗುತ್ತೆ" ಎಂದರು. ಹನ್ನೆರಡು ವರ್ಷ ಹಳೆಯ ಒಂದು ಯಂತ್ರದಿಂದ ಮದರ್‌ಬೋರ್ಡು, ಪ್ರೊಸೆಸರು ಸಿಕ್ಕವು. ಇನ್ನೊಂದರಿಂದ ಗ್ರಾಫಿಕ್ಸ್ ಕಾರ್ಡು. ಮೂರನೆಯದರ ಎದೆ ಬಗೆದು ಪವರ್ ಸಪ್ಲೈ ತೆಗೆದೆ. ಪ್ರೊಸೆಸರಿನ ಮೇಲಿನ, ಶಾಖ ಇಳಿಸುವ ಪೇಸ್ಟು ಒಣಗಿ ಸುಣ್ಣವಾಗಿತ್ತು, ಕೆರೆದು ಒರೆಸಿ ಹೊಸದು ಹಚ್ಚಿದೆ. ಮೆಮೊರಿ ಪಟ್ಟಿಗಳ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಅದು ಪಿಟೀಲು ಬಿಟ್ಟುಹೋದ ರಬ್ಬರು, ಒಂದು ಮೂಲೆ ಕಚ್ಚಿದ್ದಳು. ಕಚ್ಚಿದ ಮೂಲೆಯನ್ನು ಬಿಟ್ಟು ಇನ್ನೊಂದು ಕಡೆಯಿಂದ ಉಜ್ಜಿದೆ.

ಕೇಸಿನೊಳಗೆ ಗ್ರಾಫಿಕ್ಸ್ ಕಾರ್ಡು ಹಿಡಿಸಲಿಲ್ಲ. ಮೂರು ಬೆರಳಗಲ ಉದ್ದ ಹೆಚ್ಚು. ಹಾರ್ಡ್ ಡಿಸ್ಕ್ ಕೂರಿಸುವ ತಗಡಿನ ಗೂಡನ್ನು ಗರಗಸದಿಂದ ಕೊಯ್ದು ಜಾಗ ಮಾಡಿದೆ, ಅಂಚಿಗೆ ಅವಳ ಕೈ ಕೊಯ್ಯದಿರಲಿ ಎಂದು ಅರ ಹಾಕಿದೆ. ಡಿಸ್ಕ್ ಒಂದನ್ನು ಮಾತ್ರ ಹೊಸದಾಗಿ ಕೊಂಡೆ. ಮಿಕ್ಕಿದ್ದೆಲ್ಲ ಯಾರಿಗೋ ಬೇಡವಾಗಿದ್ದದ್ದು. ಪರೀಕ್ಷೆಗೆಂದು ಅವಳ ಆಟವನ್ನೇ ಹಾಕಿ ಎರಡು ಭಾನುವಾರ ಆಡಿದೆ. ಯಂತ್ರ ಬಿಸಿಯಾಗಲಿಲ್ಲ, ನಾನಾದೆ. ಆಟದೊಳಗೆ ಒಂದು ಗೋಡೆ ಏಳುವಷ್ಟರಲ್ಲಿ ಹದಿನಾಲ್ಕು ಸಲ ಸತ್ತೆ.

ನಾನೇ ತಂದು ಜೋಡಿಸಿಕೊಡುತ್ತೇನೆ ಎಂದೆ ಅಕ್ಕನಿಗೆ. ರೈಲಿನಲ್ಲಿ ಎಂಟು ಗಂಟೆಯ ದಾರಿ, ರಜೆಯನ್ನೂ ಬರೆದಿಟ್ಟಿದ್ದೆ. "ಯಾಕೆ ಸುಮ್ನೆ ನಿಂಗೆ ತೊಂದ್ರೆ. ಈಗಷ್ಟೇ ಈ ಮನೆಗೆ ಹೊಂದ್ಕೋತಿದಾಳೆ. ಪಾರ್ಸೆಲ್ ಹಾಕ್ಬಿಡು" ಎಂದಳು ಅಕ್ಕ. ನನಗೆ ಅರ್ಥವಾಯಿತು. ಹಳೇ ಕಂಬಳಿಯಲ್ಲಿ ಸುತ್ತಿ ಪಾರ್ಸೆಲ್ ಹಾಕಿದೆ. ರಜೆ ಚೀಟಿಯನ್ನು ಹರಿದು ಹಾಕಿದೆ.

ಯಂತ್ರ ತಲುಪಿತು, ಭಾವ ಜೋಡಿಸಿದರು. ಅವತ್ತೇ ಸಂಜೆ ಏಳಕ್ಕೆ ಫೋನು ಬಂತು. ಭಾನುವಾರವಲ್ಲ, ಬುಧವಾರ.

"ಚಿಕ್ಕಿ, ಕಪ್ಪು ಸ್ಕ್ರೀನ್ ಬಂದು ಎಫ್ ಒನ್ ಒತ್ತು ಅಂತಿದೆ. ಒತ್ತಿದ್ರೆ ಒಳಗೆ ತಾರೀಖು ಹನ್ನೆರಡು ವರ್ಷ ಹಿಂದಿನ ಜನವರಿ ಒಂದು. ನಾನು ಹುಟ್ಟೇ ಇಲ್ಲ ಇನ್ನೂ. ಆಟಾನೂ ಒಳಗೆ ಬಿಡ್ತಿಲ್ಲ."

ಎರಡು ಸೆಕೆಂಡಿನಲ್ಲಿ ನನಗೆ ಕಾರಣ ಹೊಳೆಯಿತು. ಮದರ್‌ಬೋರ್ಡಿನ ಮೇಲೆ ನಾಣ್ಯದಷ್ಟು ಅಗಲದ ಒಂದು ಸೆಲ್ ಇರುತ್ತದೆ. ಕರೆಂಟು ಇಲ್ಲದಾಗ ತಾರೀಖು, ಗಂಟೆಯನ್ನು ನೆನಪಿಟ್ಟುಕೊಳ್ಳುವುದು ಅದರ ಕೆಲಸ. ಎಲ್ಲವನ್ನೂ ಅಳೆದು ತೂಗಿ ನೋಡಿದ ನಾನು ಅದೊಂದನ್ನು ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಗೋಡೆಯ ಸ್ವಿಚ್ಚನ್ನು ಯಾರೂ ಆರಿಸುವುದಿಲ್ಲ, ಹಾಗಾಗಿ ಸೆಲ್ ಸತ್ತಿರುವುದು ಗೊತ್ತಾಗಲೇ ಇಲ್ಲ. ಭಾವ ಎಂಜಿನ್ ಕೋಣೆಯ ಮನುಷ್ಯ. ಪ್ರತಿದಿನ ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿಯೇ ಚಪ್ಪಲಿ ಮೆಟ್ಟುವುದು. ಪಾರ್ಸೆಲಿನಲ್ಲಿ ಒಮ್ಮೆ ಮರೆತ ಯಂತ್ರ ಆ ಮನೆಯಲ್ಲಿ ದಿನವೂ ಮರೆಯುತ್ತದೆ.

ಒಂದು ಸೆಲ್ ಬದಲಿಸಿದರೆ ಮುಗಿಯಿತು. ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಹೇಳಬೇಕೆಂದು ಬಾಯಿ ತೆರೆದೆ.

"ಹಳೇ ಬೋರ್ಡು ಅಲ್ವಾ, ಅದರ ಸ್ವಭಾವಾನೇ ಹಾಗೆ. ತಾರೀಖು ತಪ್ಪಿದ್ರೆ ಆಟ ಒಳಗೆ ಬಿಡಲ್ಲ, ದಿನಾ ಒಂದ್ಸಲ ಹಾಕ್ಬೇಕು. ಬಾ, ಹೇಳ್ಕೊಡ್ತೀನಿ" ಎಂದೆ.

ಹೀಗೆ ಶುರುವಾಯಿತು. ದಿನವೂ ಏಳಕ್ಕೆ ಫೋನು. ಬಾಣದ ಗುರುತಿನ ಕೀ ಒತ್ತು, ಕೆಳಗೆ ಬಾ, ವರ್ಷ ಹಾಕು, ತಿಂಗಳು ಹಾಕು. ಅಷ್ಟಕ್ಕೆ ನಾಲ್ಕು ನಿಮಿಷ ಬೇಕು. ಯಂತ್ರ ಏಳುವಷ್ಟರಲ್ಲಿ ಶಾಲೆಯ ವರದಿ. ಗಣಿತದ ಮೇಷ್ಟ್ರು ಮೂಗಿನಲ್ಲಿ ಮಾತಾಡುತ್ತಾರೆ. ಪಕ್ಕದ ಬೆಂಚಿನವಳು ಆಟದೊಳಗಿನ ಊರಿನಲ್ಲಿ ಇವಳಿಗೆ ಒಂದು ಬೀದಿ ಕೊಟ್ಟಿದ್ದಾಳೆ. ದವಡೆಯ ಹಲ್ಲೊಂದು ಅಲ್ಲಾಡುತ್ತಿದೆ. ನಾಲ್ಕು ನಿಮಿಷ ನಲವತ್ತಾಗುತ್ತಿತ್ತು. ನಾನು ಕಚೇರಿಯಿಂದ ಓಡುತ್ತಾ ಬಂದು ಆರೂವರೆಗೆಲ್ಲ ಕೈಕಾಲು ತೊಳೆದು ಫೋನಿನ ಮುಂದೆ ಕೂರುತ್ತಿದ್ದೆ. ಮದುವೆ ವಯಸ್ಸಿನಲ್ಲೂ ನಾನು ಯಾರ ಫೋನಿಗೂ ಹಾಗೆ ಕಾದವಳಲ್ಲ.

ಒಂದೊಂದು ದಿನ ವರ್ಷವನ್ನೇ ತಪ್ಪು ಹಾಕುತ್ತಿದ್ದಳು, ಮತ್ತೆ ಮೊದಲಿನಿಂದ ಹೇಳಬೇಕಿತ್ತು. ಇಷ್ಟು ಚುರುಕಾದ ಹುಡುಗಿಗೆ ಇದೊಂದು ಯಾಕೆ ತಲೆಗೆ ಹತ್ತುವುದಿಲ್ಲ ಎಂದುಕೊಳ್ಳುತ್ತಿದ್ದೆ. ಹತ್ತದಿದ್ದರೆ ಒಳ್ಳೆಯದೇ ಆಯಿತು ಎಂದೂ ಅಂದುಕೊಳ್ಳುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಆದರೂ ಏಳಾಗುವಷ್ಟರಲ್ಲಿ ಆ ನಾಚಿಕೆ ಎಲ್ಲಿಗೋ ಹೋಗಿರುತ್ತಿತ್ತು. ಹೀಗೆ ಮೂರು ತಿಂಗಳು.

ಮೊನ್ನೆ ಗುರುವಾರ ಮಧ್ಯಾಹ್ನ ಕಚೇರಿಗೇ ಅಕ್ಕನ ಫೋನು ಬಂತು. ನಾನು ಒಂದು ಪ್ರಿಂಟರಿನೊಳಗೆ ಕೈ ಹಾಕಿ ಕೂತಿದ್ದೆ.

"ನೇರ ಒಂದ್ಮಾತು ಹೇಳು. ಆ ಕಂಪ್ಯೂಟರ್‌ಗೆ ಏನಾಗಿದೆ?"

"ಯಾಕಕ್ಕ?"

"ಇವರಿಗೆ ತಲೆ ಕೆಟ್ಟಿದೆ. ದಿನಾ ಕೆಡೋ ವಸ್ತು ಮನೇಲಿ ಯಾಕೆ, ಗುಜರಿಗೆ ಹಾಕಿ ಭಾನುವಾರ ಹೊಸದೇ ತರೋಣ ಅಂತಿದಾರೆ. ಅವಳು ಬೇಡ ಅಂತ ಊಟ ಬಿಟ್ಟು ಕೂತಿದಾಳೆ. ಹೊಸದು ಬೇಡ ಅನ್ನೋ ಮಗೂನ ನೀನು ಎಲ್ಲಾದ್ರೂ ನೋಡಿದೀಯಾ?"

ನಾನು ಪ್ರಿಂಟರಿನಿಂದ ಕೈ ಹೊರಗೆಳೆದೆ. ಅಕ್ಕ ದನಿ ತಗ್ಗಿಸಿದಳು.

"ಏಳಾದ್ರೆ ಫೋನ್ ತಗೊಂಡು ಬಾಗಿಲು ಹಾಕ್ಕೋತಾಳೆ. ಒಳಗಿಂದ ನಗೋದು ಕೇಳುತ್ತೆ. ಹೊರಗೆ ಬಂದ್ಲು ಅಂದ್ರೆ ನನ್ ಹತ್ರ ಹೂಂ, ಉಹೂಂ, ಅಷ್ಟೇ. ನಾನು ಬಾಗಿಲ ಹತ್ರ ಬಟ್ಟೆ ಮಡಚ್ತಾ ಕೂತಿರ್ತೀನಿ. ಮಡಚಿದ್ದನ್ನೇ ಮಡಚ್ತೀನಿ. ಮೆಷಿನ್ ಕೆಟ್ಟಿದೆ, ಕೇಳ್ಕೊಳ್ಳಲಿ ಅಂತ ಸುಮ್ನಿದೀನಿ ಕಣೇ."

ಏಳು ವರ್ಷ ಹಡಗಿನಲ್ಲಿ ಬೇರೆಯವರ ಹಾಸಿಗೆ ಬಟ್ಟೆ ಮಡಚಿದವಳು ನನ್ನಕ್ಕ. ಈಗ ಸ್ವಂತ ಮಗಳ ಫ್ರಾಕು ಹಿಡಿದು ಬಾಗಿಲಾಚೆ ಕೂತಿದ್ದಾಳೆ, ನಾನು ಹೇಳದೆ ಉಳಿಸಿಕೊಂಡ ಒಂದು ಸೆಲ್ಲಿನಿಂದ.

"ಇವತ್ತು ಸರಿ ಮಾಡ್ತೀನಿ ಅಕ್ಕ. ಭಾವಂಗೆ ಹೊಸದು ಬೇಡ ಅನ್ನು" ಎಂದೆ.

ಸಂಜೆ ಏಳಕ್ಕೆ ಸರಿಯಾಗಿ ಪಿಟೀಲು ಫೋನು ಮಾಡಿದಳು. "ಚಿಕ್ಕಿ, ಮತ್ತೆ ಜನವರಿ ಒಂದು."

"ಇವತ್ತು ತಾರೀಖು ಹಾಕೋದು ಬೇಡ. ಒಂದು ವಿಷಯ ಹೇಳ್ತೀನಿ, ಬೈಬೇಡ" ಎಂದೆ. ಸೆಲ್ಲಿನ ಕತೆ ಹೇಳಿದೆ. ನನಗೆ ಮೊದಲ ದಿನವೇ ಗೊತ್ತಿತ್ತು ಎಂಬುದನ್ನೂ ಹೇಳಿದೆ. "ಹೇಳಿದ್ರೆ ನೀನು ಫೋನ್ ಮಾಡಲ್ಲ ಅಂತ ಹೇಳಲಿಲ್ಲ. ತಪ್ಪು ನಂದೇ."

ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ.

"ನಂಗೆ ತಾರೀಖು ಹಾಕೋಕೆ ಎರಡನೇ ದಿನಾನೇ ಬರ್ತಿತ್ತು ಚಿಕ್ಕಿ" ಎಂದಳು.

"ಮತ್ತೆ ದಿನಾ ಕೇಳ್ತಿದ್ದೆಯಲ್ಲೇ?"

"ಸುಮ್ನೆ ನಿಂಗೆ ಫೋನ್ ಮಾಡ್ತೀನಿ ಅಂದ್ರೆ ಅಮ್ಮನ ಮುಖ ಒಂಥರಾ ಆಗುತ್ತೆ. ಮಾಡು ಅಂತಾಳೆ, ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಕೋತಾಳೆ. ಕಂಪ್ಯೂಟರ್ ಕೆಟ್ಟಿದೆ ಅಂದ್ರೆ ಏನೂ ಆಗಲ್ಲ." ಮೂಗೆಳೆದುಕೊಂಡಳು. "ಈಗ ಅದೂ ಸರಿ ಆದ್ರೆ ನಾನು ಅಮ್ಮಂಗೆ ಏನಂತ ಹೇಳ್ಲಿ?"

ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳಬೇಕೆನಿಸಿತು. ಈಗ ಅವಳು ತೊಡೆಯ ಮೇಲೆ ಹಿಡಿಸುತ್ತಾಳೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.

"ಇದ್ದದ್ದನ್ನೇ ಹೇಳು. ನಂಗೆ ಚಿಕ್ಕಿ ಹತ್ರ ಮಾತಾಡ್ಬೇಕು ಅಂತ ಹೇಳು. ಅಮ್ಮ ದೊಡ್ಡೋಳು, ತಡ್ಕೋತಾಳೆ" ಎಂದೆ. "ನಿಮ್ಮನೆ ಅಡುಗೆ ತೂಕದ ಯಂತ್ರ ಇದೆಯಲ್ಲ, ಅದರ ಬೆನ್ನಲ್ಲಿ ಇಂಥದೇ ಸೆಲ್ ಇರುತ್ತೆ. ಹೋಗಿ ಅಮ್ಮನ್ನ ಕೇಳಿ ತಗೊಂಬಾ."

ಫೋನನ್ನು ಕೈಯಲ್ಲಿ ಹಿಡಿದೇ ಹೋದಳು. ಬಾಗಿಲು ತೆರೆದ ಸದ್ದು ಕೇಳಿಸಿತು, ಆಮೇಲೆ ಅಡುಗೆಮನೆಯ ಪಾತ್ರೆಗಳು, ಆಮೇಲೆ ಅಕ್ಕ.

"ಇವತ್ತೇನಂತೆ ಅದರ ರೋಗ?"

"ಸೆಲ್ ಹೋಗಿತ್ತಂತೆ. ಇದನ್ನ ಹಾಕಿದ್ರೆ ಇನ್ಮೇಲೆ ಕೆಡಲ್ಲ." ಪಿಟೀಲು ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. "ಅಮ್ಮ, ಕೆಡದೇ ಇದ್ರೂ ನಾನು ಏಳು ಗಂಟೆಗೆ ಚಿಕ್ಕಿಗೆ ಫೋನ್ ಮಾಡ್ಲಾ?"

ಪಾತ್ರೆಗಳ ಸದ್ದು ನಿಂತಿತು.

"ಮಾಡು" ಎಂದಳು ಅಕ್ಕ.

ಆ ದನಿ ನನಗೆ ಚೆನ್ನಾಗಿ ಗೊತ್ತು. ಹೋದ ವರ್ಷ ಅಕ್ಕ ನನ್ನ ಮನೆಯ ಹೊಸ್ತಿಲಲ್ಲಿ ನಿಂತು, ಇವಳನ್ನ ಕರ್ಕೊಂಡು ಹೋಗ್ಲಾ ಎಂದು ಕೇಳಿದಾಗ, ಕರ್ಕೊಂಡು ಹೋಗು ಎಂದು ನಾನು ಹೇಳಿದ್ದು ಅದೇ ದನಿಯಲ್ಲಿ.

"ಸೆಲ್ಲು ಆಮೇಲೆ ಹಾಕೋಣ ಪಿಟೀಲು" ಎಂದೆ. "ಫೋನು ಅಮ್ಮಂಗೆ ಕೊಡು. ನೀನೂ ಅಲ್ಲೇ ಕೂತ್ಕೋ."