ಕಿಟಕಿಯ ಸರದಿ

ನಮ್ಮ ಮನೆಯಿಂದ ಬೀದಿಗೆ ಇಳಿಯಬೇಕಾದರೆ ಕೆಳಗಿರುವ ಮಾವನವರ ಕನ್ನಡಕದ ಅಂಗಡಿಯ ಒಳಗಿಂದಲೇ ಹಾದುಹೋಗಬೇಕು. ಬೇರೆ ಮೆಟ್ಟಿಲಿಲ್ಲ. ಮಾವ ಗಲ್ಲಾದ ಹಿಂದೆ ಕೂತಿರುತ್ತಾರೆ. ಮೆಟ್ಟಿಲ ಮೇಲೆ ನನ್ನ ಕಾಲು ಕಂಡರೆ ಸಾಕು, ಎಲ್ಲಿಗಮ್ಮ ಎನ್ನುತ್ತಾರೆ. ಗದರಿ ಅಲ್ಲ, ಬಹಳ ಅಕ್ಕರೆಯಿಂದ. ಆ ಅಕ್ಕರೆಗಿಷ್ಟು ಬೆಂಕಿ ಹಾಕ. ತರಕಾರಿ ಬೇಕಿದ್ದರೆ ಗಂಡ ತರುತ್ತಾರೆ, ಸೂಜಿ ದಾರ ಬೇಕಿದ್ದರೆ ಅತ್ತೆ ತರಿಸುತ್ತಾರೆ. ನಾನು ತೆಪ್ಪಗೆ ವಾಪಸು ಹತ್ತಿ, ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಲು ಕೂರುತ್ತೇನೆ. ನೀರು ತೊಟ್ಟಿಕ್ಕುವ ಚಕ್ರಕ್ಕೆ ಗಾಜಿನ ಅಂಚು ಹಿಡಿದು, ಫ್ರೇಮಿಗೆ ಕೂರುವಷ್ಟು ಸವೆಸಿ, ಸಾಸಿವೆಯಷ್ಟು ತಿರುಪು ಬಿಗಿಯುವುದು ನನ್ನ ಕೆಲಸ. ಊರಿಗೆಲ್ಲ ದೂರದ್ದು ಕಾಣುವಂತೆ ಮಾಡುವ ನನ್ನ ಎದುರಿಗಿರುವುದು ಪಕ್ಕದ ಮನೆಯ ಗೋಡೆ.

ಮಗಳು ಶಾಲೆಯಿಂದ ಬಂದವಳೇ ಆ ಕೋಣೆಗೆ ನುಗ್ಗುತ್ತಾಳೆ. ಇಡೀ ದಿನದಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡುವುದು ಆಗಲೇ. ಅವಳಿಗೆ ದಿನವೂ ಬೇಕಾದದ್ದು ನನ್ನ ಹಾಸ್ಟೆಲ್ಲಿನ ಕತೆ.

ನಾನು ಓದಿದ್ದು ವಸತಿ ಶಾಲೆಯಲ್ಲಿ. ಸಂಜೆಯ ಊಟವಾದ ಕೂಡಲೇ ವಾರ್ಡನ್ ನಮ್ಮನ್ನೆಲ್ಲ ಉದ್ದನೆಯ ಹಾಲಿಗೆ ಸೇರಿಸಿ ಹೊರಗಿಂದ ಬೀಗ ಜಡಿಯುತ್ತಿದ್ದರು. ಅವರಿಗೆ ನಾವಿಟ್ಟ ಹೆಸರು ಬೀಗದಮ್ಮ. ಇಡೀ ಹಾಲಿಗೆ ಬೀದಿ ಕಡೆ ಇದ್ದದ್ದು ಒಂದೇ ಕಿಟಕಿ, ಅದರ ಕೆಳಗೆ ಒಂದು ಮಂಚ. ಅದಕ್ಕೆ ಕಿತ್ತಾಡುವುದು ಬೇಡವೆಂದು ನಾವೇ ಕಟ್ಟಳೆ ಮಾಡಿಕೊಂಡಿದ್ದೆವು. ವಾರಕ್ಕೊಬ್ಬಳದು ಕಿಟಕಿಯ ಸರದಿ. ಸರದಿಯವಳು ಬೀದಿಯಲ್ಲಿ ಕಂಡದ್ದನ್ನೆಲ್ಲ ಮಿಕ್ಕವರಿಗೆ ಹೇಳಬೇಕು. ಛತ್ರಿ ಮರೆತು ವಾಪಸು ಬಂದವನು, ಬಸ್ಸಿಗೆ ಓಡುವಾಗ ಒಂದು ಚಪ್ಪಲಿ ಬಿಟ್ಟುಹೋದವಳು. ಬೀದಿ ಖಾಲಿ ಇದ್ದರೆ ಬುರುಡೆ ಬಿಡಬೇಕು. ನನ್ನ ಗೆಳತಿ ಗುಬ್ಬಿ ತನ್ನ ವಾರದಲ್ಲಿ ಪೋಸ್ಟ್‌ಮ್ಯಾನ್‌ಗೂ ಎದುರುಮನೆಯ ಹುಡುಗಿಗೂ ಪ್ರೀತಿ ಹುಟ್ಟಿಸಿ ಮದುವೆಯನ್ನೂ ಮಾಡಿಸಿಬಿಟ್ಟಳು. ಎದುರಿಗೆ ಮನೆಯೇ ಇರಲಿಲ್ಲ, ಬರೀ ಕಾಂಪೌಂಡು. ಎಲ್ಲರಿಗೂ ಗೊತ್ತಿತ್ತು, ಯಾರೂ ತುಟಿಪಿಟಿಕ್ಕೆನ್ನಲಿಲ್ಲ. ಮದುವೆಯ ದಿನ ಒಬ್ಬಳಂತೂ ನಿಜವಾಗಿಯೂ ಅತ್ತಳು. ಅಷ್ಟು ಸುಖವನ್ನು ನಾನು ಆಮೇಲೆ ಕಂಡಿಲ್ಲ.

ಕತೆ ಹೇಳಿ ಹೇಳಿ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ. ಮಗಳು ಅಪ್ಪನ ಬಳಿ ಹೋಗಿ, ತನ್ನನ್ನೂ ಅದೇ ಶಾಲೆಗೆ ಸೇರಿಸಿ ಎಂದು ಹಟ ಹಿಡಿದಳು. ಮಾವನಿಗೂ ಅದು ಹಿಡಿಸಿತು. ಸೊಸೆಗೆ ಎದುರುಮಾತು ಗೊತ್ತಿಲ್ಲ, ದೊಡ್ಡವರು ಏಳದೆ ಊಟದಿಂದ ಏಳುವುದಿಲ್ಲ, ಅದೆಲ್ಲ ಆ ಶಾಲೆಯ ಶಿಸ್ತು ಅಂದರು. ಗಂಡ ಮಾತ್ರ, ಅಲ್ಲಿ ಓದಿದವಳು ನೀನು, ಯೋಚಿಸಿ ಹೇಳು, ನೀನು ಬೇಡ ಅಂದರೆ ಬೇಡ ಎಂದರು. ಈ ಮನೆಯಲ್ಲಿ ನನ್ನ ಮಾತಿಗೆ ಬಿಟ್ಟ ಮೊದಲ ಸಂಗತಿ ಅದು. ಅವಳೂ ಹೋದರೆ ಈ ಗೋಡೆಯ ಜೊತೆ ಮಾತಾಡಲೇ?

ಮರುದಿನ ಮಗಳು ಬಂದಾಗ ಚಕ್ರ ನಿಲ್ಲಿಸಿದೆ. ಇದುವರೆಗೆ ಬಾಯಿ ಬಿಡದಿದ್ದದ್ದನ್ನೆಲ್ಲ ಹೇಳಿದೆ. ಹಾಸಿಗೆ ಒದ್ದೆ ಮಾಡಿಕೊಂಡವಳ ತಲೆಗೆ ಅದೇ ಬಟ್ಟೆ ಹೊದಿಸಿ ಅಂಗಳದಲ್ಲಿ ನಿಲ್ಲಿಸುತ್ತಿದ್ದರು ಎಂದೆ. ಹಾಗೆ ನಿಂತವಳು ನಾನೇ ಎಂದೂ ಹೇಳಿದೆ. ಜ್ವರ ಬಂದರೆ ಹಣೆ ಮುಟ್ಟಿ ನೋಡುವವರಿರಲಿಲ್ಲ ಎಂದೆ. ಒಂದೂ ಸುಳ್ಳಲ್ಲ. ಆದರೆ ಅವಳ ಒಳ್ಳೆಯದಕ್ಕೆಂದು ಹೇಳಲಿಲ್ಲ, ಅವಳನ್ನು ಹಿಡಿದಿಟ್ಟುಕೊಳ್ಳಲು ಹೇಳಿದೆ. ಅವಳ ಮುಖ ಸಪ್ಪಗಾಯಿತು. ಗೆದ್ದೆ ಅಂದುಕೊಂಡೆ, ಅದರ ಹಿಂದೆಯೇ ನಾಚಿಕೆಯಾಯಿತು.

ಆಮೇಲೆ ಅವಳು ಕೇಳಿದಳು, "ಅಲ್ಲಿ ರಜ ಕೊಡ್ತಿದ್ರಲ್ವಾಮ್ಮ? ಆಗ ನೀನು ಅಜ್ಜಿ ಮನೆಗೆ ಹೋಗ್ತಿದ್ದೆ."

"ಹೋಗ್ತಿದ್ದೆ."

"ಇಲ್ಲಿಂದ ಯಾವಾಗ ಹೋಗಿದ್ದೆ?"

ನೆನಪು ಮಾಡಿಕೊಳ್ಳಲು ನೋಡಿದೆ. ತಮ್ಮನ ಮದುವೆಗೆ ಹೋಗಿದ್ದೆ. ಆಗ ಇವಳಿನ್ನೂ ಕಂಕುಳ ಕೂಸು. ಆಮೇಲೆ ಕೇಳಿದಾಗಲೆಲ್ಲ ಅಂಗಡಿಯಲ್ಲಿ ಕೆಲಸ ಜಾಸ್ತಿ, ಮುಂದಿನ ತಿಂಗಳು ನೋಡೋಣ ಎನ್ನುವ ಮಾತೇ. ಮಗಳು ಉತ್ತರಕ್ಕೆ ಕಾಯದೆ ಕೈಕಾಲು ತೊಳೆಯಲು ಹೋದಳು.

ಅಂಗಡಿ ಮುಚ್ಚಿ ಮೇಲೆ ಬಂದ ಗಂಡ ಏನು ಯೋಚಿಸಿದೆ ಎಂದರು. ಶಾಲೆ ಒಳ್ಳೆಯದು, ಸೇರಿಸಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅವಳು ಹೋದ್ರೆ ನಿನಗೆ ಕಷ್ಟ ಆಗಲ್ವಾ?"

"ಆಗುತ್ತೆ," ಎಂದೆ. "ಆದ್ರೆ ಅವಳಾದ್ರೂ ರಜ ಬಂದಾಗ ಅಮ್ಮನ ಹತ್ರ ಬರಬಹುದಲ್ಲ."