ಫೋಟೋಗೆಂದು ಬಳಿದ ಸುಣ್ಣ

ಇದ್ದದ್ದನ್ನು ಇದ್ದ ಹಾಗೇ ಬಿಡಿ ಎಂದು ಯಾರಿಗಾದರೂ ಹೇಳಿ ನೋಡಿ, ಅದೆಂಥ ಕಷ್ಟದ ಕೆಲಸ ಅಂತ ಗೊತ್ತಾಗುತ್ತದೆ. ಫೋಟೋದವಳು ಹದಿನೈದು ದಿನದಿಂದ ಅದನ್ನೇ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದಳು. ನೂರು ವರ್ಷ ದಾಟಿದ ಸರ್ಕಾರಿ ಕಚೇರಿ. ನಾಳೆ ಬೆಳಿಗ್ಗೆ ದುರಸ್ತಿ ಶುರು. ಅಷ್ಟರೊಳಗೆ ಒಳಗಿನ ಪ್ರತಿ ಕೋಣೆ, ಪ್ರತಿ ಬಿರುಕು, ಪ್ರತಿ ಜೇಡರಬಲೆಯನ್ನೂ ಇದ್ದಂತೆಯೇ ಚಿತ್ರ ತೆಗೆದು ಕೊಡಬೇಕು. ಇವತ್ತೊಂದೇ ದಿನ ಬಾಕಿ.

ಕಚೇರಿಯವರು ಏನು ಮಾಡಿದ್ದರು ಗೊತ್ತೇ? ಫೋಟೋ ತೆಗೆಯುತ್ತಾರಂತೆ ಎಂದು ಕಿವಿಗೆ ಬಿದ್ದದ್ದೇ ತಡ, ಮಹಡಿಯಿಂದ ಮೆಟ್ಟಿಲವರೆಗೆ ಗುಡಿಸಿ, ಒರೆಸಿ, ದೊಡ್ಡ ಬಿರುಕಿನ ಮೇಲೆಲ್ಲ ಕ್ಯಾಲೆಂಡರ್ ನೇತುಹಾಕಿದ್ದರು. ಮೂರನೇ ಕೋಣೆಯಲ್ಲಿ ಹೆಡ್ ಕ್ಲರ್ಕು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಪೆನ್ನು ಹಿಡಿದು ಕೂತಿದ್ದ.

"ಸಾರ್, ಸ್ವಲ್ಪ ಏಳ್ತೀರಾ? ನನಗೆ ಆ ಗೋಡೆ ಬೇಕು."

"ಗೋಡೇಲಿ ಏನಿದೆ ಮೇಡಂ? ನಾನು ಬರೀತಾ ಇರೋ ಹಾಗೆ ತೆಗೀರಿ. ಸಹಜವಾಗಿರುತ್ತೆ."

ಅವಳು ಲೆನ್ಸಿನ ಮುಚ್ಚಳ ತೆಗೆಯದೇ ಒಂದು ಕ್ಲಿಕ್ ಮಾಡಿ, "ತುಂಬಾ ಚೆನ್ನಾಗಿ ಬಂತು" ಎಂದು ಅವನನ್ನು ಸಾಗಹಾಕಿದಳು.

ಅವಳ ಜೀವವೆಲ್ಲ ಇದ್ದದ್ದು ನಾಲ್ಕನೇ ಕೋಣೆಯಲ್ಲಿ. ಹೋದ ತಿಂಗಳು ಅಲ್ಲಿನ ಬೀರು ಸರಿಸಿದಾಗ ಹಿಂದಿನ ಗೋಡೆಯಲ್ಲಿ ಗೇಣುದ್ದದ ಹಳೆಯ ಚಿತ್ತಾರ ಕಂಡಿತ್ತು: ಹಸಿರು ಬಳ್ಳಿ, ಕೆಂಪು ಹೂ. ಮಿಕ್ಕ ಗೋಡೆಗಳೆಲ್ಲ ಎಷ್ಟೋ ಸಲ ಕೆರೆದು ಕೆನೆಬಣ್ಣ ಬಳಿದಂಥವು. ಈ ಕಟ್ಟಡಕ್ಕೆ ಮೊದಲು ಬಣ್ಣದ ಅಂಚು ಇತ್ತು ಎಂದು ದುರಸ್ತಿಯ ಇಂಜಿನಿಯರಮ್ಮ ಎರಡು ವರ್ಷದಿಂದ ಸಮಿತಿಯ ಜೊತೆ ಗುದ್ದಾಡುತ್ತಿದ್ದಳು. ಮೊಬೈಲಿನ ಮಸುಕು ಚಿತ್ರ ನಡೆಯದು, ಬಣ್ಣ ಸರಿಯಾಗಿ ಕಾಣುವ ಸಾಕ್ಷಿ ತನ್ನಿ ಎಂದಿತ್ತು ಸಮಿತಿ. ಬಣ್ಣ ತಾಳೆ ನೋಡುವ ಪಟ್ಟಿ ಪಕ್ಕದಲ್ಲಿಟ್ಟು ತೆಗೆದ ಚಿತ್ರ ಇವತ್ತು ಸಂಜೆಯೊಳಗೆ ತಲುಪದಿದ್ದರೆ ಇಡೀ ಕಟ್ಟಡಕ್ಕೆ ಮತ್ತೆ ಅದೇ ಕೆನೆಬಣ್ಣ.

ಆ ಕೋಣೆಯ ಬೀಗದ ಕೈ ಇದ್ದದ್ದು ಫೋಟೋದವಳ ಸೋದರಮಾವನ ಹತ್ತಿರ. ಮೂವತ್ತೊಂದು ವರ್ಷದಿಂದ ಅಲ್ಲಿ ಜಮೇದಾರ. ಮಾವ ಮುಖ ಅರಳಿಸಿಕೊಂಡು ಬಾಗಿಲು ತೆಗೆದ. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಗೋಡೆ ಬೆಳ್ಳಗಿತ್ತು.

"ಯಾಕೆ ಹಾಗೆ ನೋಡ್ತೀಯ ಪುಟ್ಟಿ? ಬೆಳಿಗ್ಗೆ ಆರಕ್ಕೇ ಬಂದು ನಾನೇ ಬಳಿದೆ. ಬೀರು ಹಿಂದೆ ಅರ್ಧಂಬರ್ಧ ಎಲೆ, ಬಳ್ಳಿ, ಅಸಹ್ಯವಾಗಿತ್ತು. ಫೋಟೋ ತೆಗೆಯೋಳು ಬೇರೆ ನೀನು!"

"ಮಾವಾ! ಏನೂ ಮುಟ್ಬೇಡಿ ಅಂತ ಬಡ್ಕೊಂಡ್ನಲ್ಲ! ಆ ಬಳ್ಳಿಗೋಸ್ಕರಾನೇ ನಾನು ಬಂದದ್ದು!"

"ಸಾಮಾನು ಮುಟ್ಬೇಡಿ ಅಂದೆ ಅಂದ್ಕೊಂಡೆ ಕಣೇ..."

ಬೇರೆ ಯಾರಾದರೂ ಆಗಿದ್ದರೆ ಗ್ರಹಚಾರ ಬಿಡಿಸುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಇವಳ ಶಾಲೆ, ಮದುವೆ, ಬಾಣಂತನ ಎಲ್ಲಕ್ಕೂ ಓಡಾಡಿದ ಮನುಷ್ಯ, ಏನಂತ ಬೈಯುವುದು? ಹಣೆ ಚಚ್ಚಿಕೊಂಡು, ಫೋನ್ ಹಿಡಿದು ವರಾಂಡಕ್ಕೆ ಓಡಿದಳು.

"ಮುಟ್ಟಲೇಬೇಡಿ!" ಎಂದು ಇಂಜಿನಿಯರಮ್ಮ ಆ ಕಡೆಯಿಂದ ಕಿರುಚಿದಳು. "ಸುಣ್ಣ ಒಣಗ್ಲಿ. ಮಧ್ಯಾಹ್ನ ನಾನೇ ಬಂದು ಬ್ಲೇಡಲ್ಲಿ ಕೆರೆದು ತೆಗೀತೀನಿ. ಒರೆಸಿದ್ರೋ, ಕೆಳಗಿನ ಬಣ್ಣಾನೂ ಅದರ ಜೊತೆಗೇ ಹೋಯ್ತು."

ಒಳಗೆ ಬಂದರೆ ಮಾವ ಸ್ಟೂಲಿನ ಮೇಲೆ ನಿಂತು, ಒದ್ದೆ ಬಟ್ಟೆಯಲ್ಲಿ ಗೋಡೆ ತಿಕ್ಕುತ್ತಿದ್ದ. "ಹೆದರ್ಬೇಡ ಪುಟ್ಟಿ, ಹೋಗ್ತಾ ಇದೆ, ಎಲ್ಲಾ ಹೋಗ್ತಾ ಇದೆ!"

ಎಲ್ಲಾ ಹೋಗಿತ್ತು. ಗೋಡೆಯಲ್ಲಿ ಬರೀ ಗಾರೆ. ಹಸಿರೂ ಕೆಂಪೂ ಬಟ್ಟೆಯಲ್ಲಿ. ಅವಳಿಗೆ ಅಳು ಬರಲಿಲ್ಲ, ಕೋಪವೂ ಬರಲಿಲ್ಲ, ಸಾಕುಸಾಕಾಗಿ ಹೋಯಿತು. ಆದರೂ ಬಟ್ಟೆಯ ಮೇಲಿದ್ದರೂ ಬಣ್ಣ ಬಣ್ಣವೇ ತಾನೇ?

"ಮಾವ, ಈ ಬಟ್ಟೆದೇ ಫೋಟೋ ತೆಗೀಬೇಕು. ಹಾಗೇ ಹಿಡ್ಕೊಂಡು ನಿಂತಿರಿ" ಎಂದು, ಪಕ್ಕದ ಕೋಣೆಯಿಂದ ಸ್ಟ್ಯಾಂಡ್ ತರಲು ಹೋದಳು.

ಬರುವಷ್ಟರಲ್ಲಿ ಮಾವ ಇಲ್ಲ. ವರಾಂಡದ ಕೊನೆಯಲ್ಲಿ ನಲ್ಲಿ ಸುರಿಯುವ ಸದ್ದು. ಎದ್ದೆನೋ ಬಿದ್ದೆನೋ ಎಂದು ಓಡಿದಳು. ಮಾವ ಬಟ್ಟೆಗೆ ಸೋಪು ಹಾಕುತ್ತಿದ್ದ.

"ಫೋಟೋಗೆ ಅಂದೆಯಲ್ಲ, ಕೊಳಕಾಗಿದ್ರೆ ಚೆನ್ನಾಗಿರುತ್ತಾ?"

ಕಿತ್ತುಕೊಂಡಳು. ಕೆಂಪು ಪೂರ್ತಿ ಹೋಗಿತ್ತು. ಒಂದು ಮೂಲೆಯಲ್ಲಿ ನಾಲ್ಕು ಬೆರಳಗಲ ಹಸಿರು ಉಳಿದಿತ್ತು. ಅದನ್ನೇ ಕಿಟಕಿಕಟ್ಟೆಯ ಮೇಲೆ ಹರಡಿ, ಪಕ್ಕದಲ್ಲಿ ಬಣ್ಣದ ಪಟ್ಟಿ ಇಟ್ಟು, ಹನ್ನೊಂದು ಸಲ ತೆಗೆದು ಕಳಿಸಿದಳು. ಇಂಜಿನಿಯರಮ್ಮನ ಫೋನ್ ಬಂತು.

"ಕೆನೆಬಣ್ಣ ತಪ್ಪಿಸೋಕೆ ಇಷ್ಟು ಸಾಕು. ಆದ್ರೆ ಆ ಹೂವಿನ ಕೆಂಪು ಎಂಥ ಕೆಂಪು ಅನ್ನೋದು ಇನ್ನು ಯಾರಿಗೂ ಗೊತ್ತಾಗಲ್ಲ ಬಿಡಿ."

ಮಾವನಿಗೂ ಕೇಳಿಸಿತು. "ಈಗ ನಾನೇನ್ ಮಾಡ್ಲಿ ಪುಟ್ಟಿ? ಏನ್ ಹೇಳಿದ್ರೂ ಮಾಡ್ತೀನಿ."

"ಏನೂ ಮಾಡ್ಬೇಡಿ. ನಿಮ್ಮ ದಮ್ಮಯ್ಯ ಮಾವ, ಸುಮ್ನೆ ಕೂತ್ಕೊಳ್ಳಿ."

ಮಾವ ಬೆಂಚಿನ ಮೇಲೆ ಕೂತ. ಕಣ್ಣೊರೆಸಿಕೊಳ್ಳಲು ಕೈ ಎತ್ತಿದ. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಒಂದು ಗೆರೆ ಕೆಂಪು.

"ಮಾವ, ಅಲುಗಾಡ್ಬೇಡಿ! ಆ ಕೈ ಕೊಡಿ ಇಲ್ಲಿ!"

"ಫೋಟೋಗಾ?" ಮಾವ ಗಡಬಡಿಸಿ ಎದ್ದ. "ಒಂದ್ನಿಮಿಷ ಇರು, ತೊಳ್ಕೊಂಡು..."

ಅವಳು ಎಡಗೈಯಲ್ಲಿ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಕೂರಿಸಿ, ಬೆರಳಿನ ಪಕ್ಕ ಬಣ್ಣದ ಪಟ್ಟಿ ಇಟ್ಟು, ಬಲಗೈಯಲ್ಲಿ ಕ್ಲಿಕ್ ಮಾಡಿದಳು. ಚಿತ್ರ ಸರಿಯಾಗಿ ಬಂದಿದೆ ಎಂದು ನೋಡಿಕೊಂಡ ಮೇಲೂ ಆ ಕೈ ಬಿಡಲಿಲ್ಲ.