ಹನ್ನೆರಡು ವರ್ಷ, ಹೆಬ್ಬಾತಿನ ಜೊತೆ

“ಹೆಬ್ಬಾತು ಮೊದಲೋ, ಚಹಾ ಮೊದಲೋ?” ಎಂದು ಮಾವ್‌ಲಿನ್ ಬಟ್ಟಲಿನ ಮುಚ್ಚಳದ ಮೇಲೆ ಬೆರಳಿಟ್ಟುಕೊಂಡು ಕೇಳಿದ.

“ನನ್ನನ್ನ ಕೇಳ್ತೀಯಾ? ಊರಿಗೆಲ್ಲ ಹೇಳ್ಕೊಂಡು ತಿರುಗಿದೋನು ನೀನು. ನಿಂಗೇ ಗೊತ್ತಿರಬೇಕು” ಎಂದ ಅಣ್ಣ ಗೆನ್‌ಶುಯಿ, ಒಲೆಯ ಕಡೆಯಿಂದ ತಿರುಗದೆ. ಬೇಯಿಸಿಟ್ಟ ಹೆಬ್ಬಾತಿನ ಅರ್ಧ ಆಗಲೇ ಹೊಗೆ ಕುಡಿದು, ಮೆಣಸಿನಕಾಯಿ ಮೆತ್ತಿಕೊಂಡು ಮೇಜಿಗೆ ಬಂದಿತ್ತು. ಇನ್ನರ್ಧಕ್ಕೆ ಹೊಗೆ ಕೊಡಲು ಅವನು ಬಾಣಲೆ ಉಜ್ಜುತ್ತಿದ್ದ.

ಹೆಬ್ಬಾತು ತಂದವನು ಮಾವ್‌ಲಿನ್. ಅಟ್ಟ ಹತ್ತಿ ಚಹಾದ ಜಾಡಿ ಇಳಿಸಿದವನೂ ಅವನೇ. ಅದರ ಬಾಯಿಗೆ ಅಂಟಿಸಿದ್ದ ಕೆಂಪು ಕಾಗದ ಇಷ್ಟು ವರ್ಷದಲ್ಲಿ ಬಣ್ಣ ಬಿಟ್ಟು ಹಳೆಯ ಹಲ್ಲಿನಂತಾಗಿತ್ತು.

ಟೊಂಗ್ಮು ಕಣಿವೆಯಲ್ಲಿ ಕೆಂಪು ಚಹಾಕ್ಕೆ ಪೈನ್ ಸೌದೆಯ ಹೊಗೆ ಕೊಡದ ಮನೆಯಿಲ್ಲ. ಆದರೆ ಹನ್ನೆರಡು ವರ್ಷದ ಹಿಂದೆ ಒಂದು ವಸಂತದಲ್ಲಿ ಸೌದೆ ಒದ್ದೆಯಾಗಿ, ಗೆನ್‌ಶುಯಿಯ ಹೊಗೆಮನೆಯಿಂದ ಇಳಿದ ಎಲೆ ಗಂಟಲು ಕೆರೆಯುವಷ್ಟು ಕಮಟಾಗಿತ್ತು. ಫೂಜೌನಿಂದ ಬಂದ ವ್ಯಾಪಾರಿಯ ಎದುರು ಅವನು ಎಂದಿನಂತೆ ಸೊರ್ರ್ ಎಂದು ಹೀರಿ, ಕಣ್ಣು ಮುಚ್ಚಿ, ಮಾಸ್ತರರ ಪ್ರಶ್ನೆಗೆ ಉತ್ತರ ತಿಳಿಯದ ಹುಡುಗನಷ್ಟು ಹೊತ್ತು ಸುಮ್ಮನಿದ್ದು, “ಇದು ಈಗ ಕುಡಿಯೋದಲ್ಲ. ಹನ್ನೆರಡು ವರ್ಷ ಬಿಡಿ. ಆಮೇಲೆ ಹೊಗೆಯಾಡಿಸಿದ ಹೆಬ್ಬಾತಿನ ಜೊತೆ ಕುಡೀರಿ” ಎಂದಿದ್ದ.

ಮಾವ್‌ಲಿನ್ ಹಿಂದೆ ನಿಂತಿದ್ದ. ಬಸ್ಸಿನ ಕಂಡಕ್ಟರು, ಊರ ಧ್ವನಿವರ್ಧಕ, ಮೊಟ್ಟೆಯಿಡುವ ಕೋಳಿ, ಎಲ್ಲರ ದನಿಯೂ ಅವನ ಗಂಟಲಲ್ಲಿ ಬಾಡಿಗೆಗಿತ್ತು. ಆವತ್ತು ಅಣ್ಣನದೇ ಅಣಕ. ಅದೇ ಸೊರ್ರ್, ಅದೇ ಮುಚ್ಚಿದ ಕಣ್ಣು. “ಹನ್ನೆರಡು ವರ್ಷ ಬಿಡಿ. ಆಮೇಲೆ ಹೆಬ್ಬಾತೇ ಬಂದು ಕುಡ್ಕೊಂಡು ಹೋಗತ್ತೆ!” ವ್ಯಾಪಾರಿ ಮೂಗಿನಲ್ಲಿ ಚಹಾ ಬರುವಷ್ಟು ನಕ್ಕ, ಒಂದೆಲೆಯನ್ನೂ ಕೊಳ್ಳದೆ ಹೋದ. ಆಮೇಲೆ ಊರಿನಲ್ಲಿ ಅದೊಂದು ಮಾತಾಯಿತು. ಸೇತುವೆ ಯಾವಾಗ ಮುಗಿಯುತ್ತದೆ ಎಂದರೆ, “ಹನ್ನೆರಡು ವರ್ಷ, ಹೆಬ್ಬಾತಿನ ಜೊತೆ.” ಮಗಳ ಮದುವೆ ಯಾವಾಗ ಎಂದರೂ ಅದೇ.

ಗೆನ್‌ಶುಯಿಯೂ ನಕ್ಕಿದ್ದ. ಹಗೆ ಸಾಧಿಸುವ ಜೀವವಲ್ಲ. ಅವನಿಗೆ ಗೊತ್ತಿದ್ದದ್ದು ಹೊಗೆ ಮಾತ್ರ. ಒಂದು ಜಾಡಿ ತುಂಬಿ ಅಟ್ಟಕ್ಕೇರಿಸಿದ, ಉಳಿದದ್ದನ್ನು ಚಹಾದ ನೀರಲ್ಲಿ ಮೊಟ್ಟೆ ಬೇಯಿಸಿ ಮಾರುವ ಅಂಗಡಿಯವರಿಗೆ ಕೊಟ್ಟುಬಿಟ್ಟ. ಅಲ್ಲಿಂದ ಮುಂದೆ ನಾಲ್ಕು ಜನರೆದುರು ಅವನು ಚಹಾ ಹೀರಿ ಮಾತಾಡಿದ್ದನ್ನು ಯಾರೂ ಕಾಣಲಿಲ್ಲ. ಹೋದ ವರ್ಷದ ಚಳಿಯಲ್ಲಿ ಬಂದ ಜ್ವರ ಇಳಿಯುವಾಗ ಅವನ ಮೂಗಿನ ವಾಸನೆ, ನಾಲಿಗೆಯ ರುಚಿ ಎರಡನ್ನೂ ಕೊಂಡೊಯ್ದಿತು.

ಈ ವಸಂತಕ್ಕೆ ಹನ್ನೆರಡು ವರ್ಷ ತುಂಬಿತ್ತು. ಚಹಾ ಚೆನ್ನಾಗಿದ್ದರೆ ಹಾಗೆಂದು ಅಣ್ಣನಿಗೆ ಹೇಳಬೇಕು. ಮಾವ್‌ಲಿನ್ ಬಂದದ್ದು ಅಷ್ಟಕ್ಕೇ.

ಅವನು ಮೊದಲು ಬಾತಿನ ತುಂಡು ಕಚ್ಚಿದ. ಕಿವಿಯವರೆಗೂ ಖಾರ. ಮೇಲೆ ಒಂದು ಗುಟುಕು. ಹೊಗೆ ಎಲ್ಲಿ ಹೋಯಿತು? ಇತ್ತು, ಆದರೆ ಗದ್ದೆಯಾಚೆ ಯಾರದೋ ಮನೆಯಲ್ಲಿ ಅಡಿಗೆಯಾಗುತ್ತಿರುವಷ್ಟು ದೂರ. ನಾಲಿಗೆಯ ಮೇಲೆ ಒಣಗಿದ ಲಾಂಗನ್ ಹಣ್ಣಿನ ಸಿಹಿ, ಕಂದಿದ ಬೆಲ್ಲ. ಚಹಾ ಖಾರವನ್ನು ಆರಿಸಲಿಲ್ಲ, ಅದರ ಪಕ್ಕದಲ್ಲಿ ಬಂದು ಕೂತಿತು. ಬಾತಿನ ಕೊಬ್ಬು ಕರಗಿ ಬಾಯಿ ಹಗುರಾಯಿತು. ಇನ್ನೊಂದು ತುಂಡು, ಇನ್ನೊಂದು ಗುಟುಕು. ಹೌದು.

“ಅಣ್ಣ, ನೀನು ಅವತ್ತು ಹೇಳಿದ್ದು ನಿಜ.”

“ಶುರುವಾಯ್ತು ನೋಡೇ!” ಎಂದು ಗೆನ್‌ಶುಯಿ ಮೇಜಿನ ಬಳಿಯಿದ್ದ ಹೆಂಡತಿಯ ಕಡೆ ತಿರುಗಿ ನಕ್ಕ.

“ಇಲ್ಲಣ್ಣ, ತಮಾಷೆಯಲ್ಲ. ಹೊಗೆ ಹಿಂದೆ ಸರಿದಿದೆ. ಲಾಂಗನ್ ಮುಂದೆ ಬಂದಿದೆ. ಬಾತಿನ ಖಾರ ಇದ್ರೇನೇ ಇದರ ಸಿಹಿ ಏಳೋದು...”

ಹೇಳುತ್ತ ಹೇಳುತ್ತ ಅವನಿಗೇ ತನ್ನ ದನಿ ಕೇಳಿಸಿತು. ಚಹಾದ ಬಗ್ಗೆ ಆಡಲು ಅವನಲ್ಲಿದ್ದ ಮಾತುಗಳೆಲ್ಲ ಅಣ್ಣನವೇ. ಆ ಎಳೆತ, ಆ ನಿಲುಗಡೆ, ಯಾವುದೂ ತನ್ನದಲ್ಲ.

“ಭೇಷ್! ಕಣ್ಣು ಮುಚ್ಚೋದು ಮರೆತೆ ಕಣೋ, ಗಿಳಿ. ನಾನು ಕಣ್ಣು ಮುಚ್ತಿದ್ದೆ” ಎಂದ ಗೆನ್‌ಶುಯಿ.

“ಅತ್ತಿಗೆ, ನೀವಾದ್ರೂ ಕುಡಿದು ಹೇಳಿ.”

ಅತ್ತಿಗೆ ಒಂದು ಗುಟುಕು ಕುಡಿದು, “ಚೆನ್ನಾಗೇ ಇದೆಯಲ್ಲ” ಎಂದಳು.

“ನೀನು ಯಾವ ಚಹಾ ಚೆನ್ನಾಗಿಲ್ಲ ಅಂದಿದ್ದೀ, ಹೇಳು? ಮೂವತ್ತು ವರ್ಷದಿಂದ ಇದೊಂದೇ ಮಾತು.”

“ಮೂವತ್ತು ವರ್ಷದಿಂದ ನೀವು ಕೇಳೋದೂ ಒಂದೇ ಮಾತು” ಎಂದು ಅವಳು ಎಲುಬುಗಳನ್ನು ತಟ್ಟೆಗೆ ಒಟ್ಟುಮಾಡಿದಳು.

“ಅಣ್ಣ, ಆಣೆ ಮಾಡಿ ಹೇಳ್ತೀನಿ. ಅಮ್ಮನ ಆಣೆ.”

“ಕಂಡಕ್ಟರ್ ಥರ ಹೇಳು ನೋಡೋಣ.”

ಮಾವ್‌ಲಿನ್ ಬಾಯಿ ತೆರೆದ. ಏನೂ ಹೊರಡಲಿಲ್ಲ. ಅದೂ ಒಂದು ಅಭಿನಯವೆಂದುಕೊಂಡು ಅಣ್ಣ ತೊಡೆ ತಟ್ಟಿ ನಕ್ಕ. ಆಮೇಲೆ ಜಾಡಿಯನ್ನು ಒಲೆಯ ಬಳಿಗೆ ಎಳೆದುಕೊಂಡು, ಹೊಗೆ ಎಬ್ಬಿಸಲು ಬಾಣಲೆಯ ತಳಕ್ಕೆ ಅಕ್ಕಿ, ಸಕ್ಕರೆ ಚೆಲ್ಲಿ, ಅವುಗಳ ಮೇಲೆ ಒಂದು ಹಿಡಿ ಎಲೆ ಹಾಕಿದ. ಇನ್ನೊಂದು ಹಿಡಿ.

“ಅಣ್ಣ, ಅದನ್ನ ಹಾಕ್ಬೇಡ!”

“ಯಾಕೆ, ಹೊಗೆಯಲ್ಲಿ ಹುಟ್ಟಿದ್ದು ಹೊಗೆಯಲ್ಲೇ ಹೋಗ್ಲಿ. ಅವತ್ತು ಹೆಬ್ಬಾತಿನ ಜೊತೆ ಅಂದಿದ್ದೆ ನಾನು, ಜೊತೆಗೇ ಹಾಕ್ತಿದೀನಲ್ಲ.” ಜಾಡಿಯನ್ನು ಬೋರಲು ಹಾಕಿ ತಳ ತಟ್ಟಿದ. ಜಾಲರಿಯ ಮೇಲೆ ಬಾತಿನ ಅರ್ಧ ಇಟ್ಟು ಮುಚ್ಚಿದ.

ಸಕ್ಕರೆ ಕರಗುವ ಸದ್ದು. ಮುಚ್ಚಳದ ಸುತ್ತ ಹಳದಿ ಹೊಗೆ ನೂಲು ನೂಲಾಗಿ ಹೊರಟಿತು. ಲಾಂಗನ್, ಬೆಲ್ಲ, ಹನ್ನೆರಡು ವರ್ಷದ ಹಿಂದಿನ ಒದ್ದೆ ಪೈನು, ಎಲ್ಲ ಒಮ್ಮೆಲೇ ಅಡಿಗೆಮನೆಗೆ ಬಂದವು. ಮಾವ್‌ಲಿನ್ ಬಟ್ಟಲಿನಲ್ಲಿ ಉಳಿದಿದ್ದುದರ ಮೇಲೆ ಅಂಗೈ ಮುಚ್ಚಿ ಕೂತ.

“ಹೊಗೆ ಹಿಡೀತೇನೋ? ನಂಗೆ ಗೊತ್ತಾಗಲ್ಲ. ನೋಡಿ ಹೇಳು.”

ಮಾವ್‌ಲಿನ್ ಉಸಿರೆಳೆದುಕೊಂಡ. “ಹಿಡೀತು.”

ಈ ಮಾತನ್ನು ಅಣ್ಣ ಮರುಮಾತಿಲ್ಲದೆ ನಂಬಿದ. ಬಟ್ಟೆ ಹಿಡಿದು ಮುಚ್ಚಳ ಎತ್ತಿದ. ಹೊಗೆ ಭುಗ್ಗನೆ ಎದ್ದು ಮುಖಕ್ಕೆ ಬಡಿಯಿತು. ಗೆನ್‌ಶುಯಿ ಕದಲದೆ ನಿಂತು, ಬಹಳ ಹೊತ್ತು ಕಣ್ಣು ಮುಚ್ಚಿಕೊಂಡ.